ಪಿಟೀಲು ಅದೇ, ಅಂಕ ಬೇರೆ

2018ರ ಮೇ 10, ಗುರುವಾರ. ಲಿಸ್ಬನ್‌ನಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆಯ ಎರಡನೇ ಸೆಮಿಫೈನಲ್. 266 ಅಂಕ ಪಡೆದ ನಾರ್ವೆಯ ಅಲೆಕ್ಸಾಂಡರ್ ರಿಬಾಕ್‌ಗೆ ಮೊದಲ ಸ್ಥಾನ. ಶನಿವಾರ ಫೈನಲ್‌ನಲ್ಲಿ ಅದೇ ಹಾಡು, ಅದೇ ಗಾಯಕ, ಅದೇ ಪಿಟೀಲು. ಸಿಕ್ಕಿದ್ದು 144 ಅಂಕ, 15ನೇ ಸ್ಥಾನ. ಎರಡರ ನಡುವೆ ಇದ್ದದ್ದು ಬರೀ ಒಂದು ಶುಕ್ರವಾರ.

ಹಾಡು ರಾತ್ರೋರಾತ್ರಿ ಕೆಟ್ಟುಹೋಗಿರಲಿಲ್ಲ. ಗುಟ್ಟಿರುವುದು ಅಂಕ ಹಂಚುವ ಕ್ರಮದಲ್ಲಿ. ಪ್ರತಿ ದೇಶದ ತೀರ್ಪುಗಾರರೂ ವೀಕ್ಷಕರೂ ತಮ್ಮ ಮೆಚ್ಚಿನ ಹತ್ತು ಹಾಡುಗಳಿಗೆ ಮಾತ್ರ ಅಂಕ ಕೊಡುತ್ತಾರೆ, ಹನ್ನೊಂದನೆಯದಕ್ಕೆ ಸೊನ್ನೆ. ಸೆಮಿಫೈನಲ್‌ನಲ್ಲಿದ್ದದ್ದು 18 ಹಾಡು, ಮೊದಲ ಹತ್ತರೊಳಗೆ ನುಸುಳುವುದು ಕಷ್ಟವಲ್ಲ. ಫೈನಲ್‌ನಲ್ಲಿ 26. ಎಲ್ಲರಿಗೂ 'ಪರವಾಗಿಲ್ಲ' ಅನ್ನಿಸುವ ಹಾಡು ಅಲ್ಲಿ ಮುಳುಗುತ್ತದೆ. ಕೆಲವರಾದರೂ ತಲೆ ಮೇಲೆ ಹೊತ್ತು ಮೆರೆಸಬೇಕು.

ಹಾಗೆ ಮೆರೆಸಿಕೊಳ್ಳುವುದು ಹೇಗೆಂದು ರಿಬಾಕ್‌ಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಮಿನ್ಸ್ಕ್‌ನಲ್ಲಿ ಹುಟ್ಟಿ, ಎಳವೆಯಲ್ಲೇ ನಾರ್ವೆಗೆ ಬಂದ ಸಂಗೀತಗಾರರ ಮನೆಯ ಹುಡುಗ ಅವನು. 2006ರಲ್ಲಿ ನಾರ್ವೆಯ ಟಿವಿ ಪ್ರತಿಭಾ ಸ್ಪರ್ಧೆಯೊಂದನ್ನು ಸ್ವಂತ ಹಾಡಿನಿಂದಲೇ ಗೆದ್ದಿದ್ದ. 2009ರಲ್ಲಿ ಮಾಸ್ಕೊದ ಯೂರೋವಿಷನ್‌ನಲ್ಲಿ 'ಫೇರಿಟೇಲ್' ಹಾಡಿದಾಗ 387 ಅಂಕ. ಎರಡನೇ ಸ್ಥಾನದ ಐಸ್‌ಲ್ಯಾಂಡ್‌ಗೆ 218. ಹದಿನಾರು ದೇಶಗಳು ಪೂರ್ತಿ ಹನ್ನೆರಡು ಅಂಕ ಕೊಟ್ಟವು. ನೆರೆಹೊರೆಯವರ ಮತದಿಂದ ಗೆದ್ದ ಎಂದು ಮೂಗು ಮುರಿಯುವವರು, ಆ ಪಟ್ಟಿಯಲ್ಲಿ ಜರ್ಮನಿ, ಇಸ್ರೇಲ್ ಕೂಡ ಇದ್ದವೆಂಬುದನ್ನು ಮರೆಯುತ್ತಾರೆ. ನೆರೆಹೊರೆ ಮತದ ಗೊಣಗಾಟ ಹೆಚ್ಚಾಗಿದ್ದರಿಂದಲೇ ಆ ವರ್ಷದ ಫೈನಲ್‌ಗೆ ತೀರ್ಪುಗಾರರನ್ನು ಮರಳಿ ಕರೆತಂದಿದ್ದರು. ರಿಬಾಕ್ ಅವರನ್ನೂ ಗೆದ್ದ, ವೀಕ್ಷಕರನ್ನೂ ಗೆದ್ದ.

ಇನ್ನೊಂದು ಲೆಕ್ಕ. 2016ರಿಂದ ಪ್ರತಿ ದೇಶ ಎರಡು ಸಲ ಅಂಕ ಕೊಡುತ್ತದೆ, ತೀರ್ಪುಗಾರರದ್ದು ಬೇರೆ, ವೀಕ್ಷಕರದ್ದು ಬೇರೆ. ಹಾಗಾಗಿ 2018ರ 144 ಅಂಕ ಹಳೆಯ ತಕ್ಕಡಿಯಲ್ಲಿ ಇನ್ನೂ ಹಗುರ.

ನನಗನ್ನಿಸುವುದು: 'ಫೇರಿಟೇಲ್'ನಲ್ಲಿ ಕಳೆದುಹೋದ ಒಬ್ಬ ಹುಡುಗಿಯಿದ್ದಳು, ಜನಪದ ಕುಣಿತದ ಹುಡುಗರು ನೆಗೆಯುತ್ತಿದ್ದರು. 2018ರದ್ದು ಹಾಡು ಬರೆಯುವುದು ಹೇಗೆಂಬುದರ ಬಗ್ಗೆಯೇ ಹಾಡು. ಅಡುಗೆ ಬಡಿಸುವ ಬದಲು ಪಾಕವಿಧಾನ ಓದಿದಂತೆ. (ಅಂದಹಾಗೆ, 1999ರಿಂದ ಅಲ್ಲಿ ವಾದ್ಯವೃಂದವಿಲ್ಲ. ಹಾಡುವುದು ನೇರ, ವಾದ್ಯ ಧ್ವನಿಮುದ್ರಿತ. ನಾವು ಕಂಡ ಪಿಟೀಲು ಎರಡು ಸಲವೂ ನಟನೆಯೇ.)

ನಾರ್ವೆಗೆ ಸೋಲು ಹೊಸದಲ್ಲ. ಪೂರ್ತಿ ಸೊನ್ನೆ ಅಂಕ ನಾಲ್ಕು ಸಲ ಬಂದಿದೆ. 1978ರಲ್ಲಿ ಪ್ಯಾರಿಸ್‌ನಲ್ಲಿ ಸೊನ್ನೆ ಹೊತ್ತು ಬಂದ ಯಾನ್ ಟೈಗನ್‌ನನ್ನು ಊರು ಬೈಯಲಿಲ್ಲ. ಆ ಹಾಡು ತಿಂಗಳುಗಟ್ಟಲೆ ಹಿಟ್ ಪಟ್ಟಿಯಲ್ಲಿತ್ತು. ಅವನೇ 'ಈ ವರ್ಷದ ಸೋತವ' ಎಂಬರ್ಥದ ಹೆಸರಿಟ್ಟು ಆಲ್ಬಂ ತಂದ. ಆಮೇಲೆ 1982ರಲ್ಲೂ 1983ರಲ್ಲೂ ಮತ್ತೆ ಯೂರೋವಿಷನ್ ವೇದಿಕೆ ಹತ್ತಿದ. ಸೊನ್ನೆಯಿಂದ ಶುರುಮಾಡಿದವನಿಗೆ ಆ ಎರಡು ಸಲ ಬಂದ ಹನ್ನೆರಡನೆಯ, ಒಂಬತ್ತನೆಯ ಸ್ಥಾನಗಳೂ ಏರಿಕೆಯೇ. ರಿಬಾಕ್‌ಗೆ ಎರಡನೆಯ ಸ್ಥಾನ ಬಂದಿದ್ದರೂ ಇಳಿಕೆಯಾಗುತ್ತಿತ್ತು.