ಸಾಲಕ್ಕೆ ಕೂಡುವ ಹೆಸರು ಪರಿಹಾರಕ್ಕೆ ಕೂಡುವುದಿಲ್ಲವೇ?



ಸಾಲಗುಂದದಂಥ ಊರಿನ ಒಬ್ಬ ರೈತನನ್ನು ತೆಗೆದುಕೊಳ್ಳಿ. ಪಹಣಿಯಲ್ಲಿ ಅವನು ವೆಂಕಪ್ಪ. ಓಣಿಯಲ್ಲಿ, ಸಂತೆಯಲ್ಲಿ, ಆಧಾರ್ ಕಾರ್ಡಿನಲ್ಲಿ ಯಂಕಪ್ಪ. ಮನುಷ್ಯ ಒಬ್ಬನೇ, ಹೊಲ ಅದೇ, ಸಾಲವೂ ಅದೇ. ಆದರೆ ಬೆಳೆ ಪರಿಹಾರ ಕೇಳಲು ಹೋದರೆ ಕಚೇರಿಯಲ್ಲಿ ಸಿಗುವ ಉತ್ತರ ಏನು? "ಹೆಸರು ತಾಳೆ ಆಗವಲ್ದು, ತಿದ್ದಿಸ್ಕೊಂಡು ಬರ್ರಿ." ಸಾಲದ ನೋಟೀಸು ಮಾತ್ರ ಕಾಗುಣಿತ ಕೇಳದೆ ಬಾಗಿಲಿಗೆ ಬರುತ್ತದೆ! ದಲಾಲಿ ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಇವನು ಯಾವ ಯಂಕಪ್ಪ ಎಂಬ ಅನುಮಾನ ಬರುವುದಿಲ್ಲ. ವಸೂಲಿಗೆ ಸಿಗುವ ಗುರುತು ಕೊಡುವಾಗ ಮಾಯವಾಗುವುದು ಹೇಗೆ?

ಈ ಗೊಂದಲ ರೈತ ಮಾಡಿದ್ದಲ್ಲ. 1948ರವರೆಗೆ ನಮ್ಮ ರಾಯಚೂರು ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ದಫ್ತರದ ಭಾಷೆ ಉರ್ದು. ಆ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುವವನೇ ಊಹಿಸಿಕೊಳ್ಳಬೇಕು. 1956ರಲ್ಲಿ ಮೈಸೂರು ರಾಜ್ಯ ಸೇರಿದೆವು. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಕೈಬರಹದ ಪಹಣಿ ಕಂಪ್ಯೂಟರ್ ಸೇರಿತು. ಆಮೇಲೆ ಆಧಾರ್, ಆಮೇಲೆ ಫ್ರೂಟ್ಸ್ ನಂಬರು. ಪ್ರತಿ ಸಲವೂ ಕೇಳಿದ ಕಿವಿ ಬೇರೆ, ಬರೆದ ಕೈ ಬೇರೆ. ಬರೆದವರ ತಪ್ಪಿಗೆ ದಂಡ ಕಟ್ಟುವವನು ಮಾತ್ರ ನೇಗಿಲು ಹಿಡಿದವನು!

ಕಾಗುಣಿತ ಬೇರೆಯಾದರೂ ಹೆಸರು ಒಂದೇ ಎಂದು ಗುರುತಿಸುವ ವಿದ್ಯೆ ಹೊಸದೇನಲ್ಲ. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ಇದೇ ಮುಂದೆ ಸೌಂಡೆಕ್ಸ್ ಎಂದಾಯಿತು. ಹೆಸರಿನ ಮೊದಲ ಅಕ್ಷರ ಇಟ್ಟುಕೊಳ್ಳುವುದು, ಸ್ವರಗಳನ್ನು ಬಿಡುವುದು, ಹತ್ತಿರದ ಧ್ವನಿಯ ವ್ಯಂಜನಗಳಿಗೆ ಒಂದೇ ಅಂಕಿ ಕೊಡುವುದು, ಮೂರು ಅಂಕಿಗೆ ನಿಲ್ಲಿಸುವುದು. ಇಷ್ಟೇ ಲೆಕ್ಕ. 1930ರ ದಶಕದಲ್ಲಿ ಅಲ್ಲಿಯ ಮುದುಕರು ಪಿಂಚಣಿಗೆ ವಯಸ್ಸಿನ ಪುರಾವೆ ಕೊಡಬೇಕಾದಾಗ, ಹಳೆಯ ಜನಗಣತಿಯಲ್ಲಿ ಅವರ ಹೆಸರು ಹುಡುಕಲು ಸರ್ಕಾರವೇ ಈ ಕ್ರಮದಲ್ಲಿ ಸೂಚಿ ಮಾಡಿಸಿತು. ಗಮನಿಸಿ: ಅಲ್ಲಿ ಈ ವಿದ್ಯೆ ಜನರನ್ನು ಹುಡುಕಿ ಕೊಡಲು ಬಳಕೆಯಾಯಿತು, ಹೊರಗೆ ತಳ್ಳಲು ಅಲ್ಲ.

ಆದರೆ ಅದು ಇಂಗ್ಲಿಷ್ ಹೆಸರಿಗೆ ಹೊಲಿದ ಅಂಗಿ, ನಮಗೆ ಹೊಂದುವುದಿಲ್ಲ. ಆ ಲೆಕ್ಕದಲ್ಲಿ ವೆಂಕಪ್ಪ 'ವಿ-521', ಯಂಕಪ್ಪ 'ವೈ-521'. ಮೊದಲ ಅಕ್ಷರ ಬೇರೆ, ಆದ್ದರಿಂದ ಆಸಾಮಿಯೂ ಬೇರೆ! ಬಸವರಾಜನನ್ನು ಇಂಗ್ಲಿಷಿನ 'ವಿ' ಹಾಕಿ ಬರೆದರೆ 'ಬಿ-216', 'ಡಬ್ಲ್ಯು' ಹಾಕಿ ಬರೆದರೆ 'ಬಿ-262'. ಹನುಮಪ್ಪ ಮತ್ತು ಹನುಮವ್ವ ಮಾತ್ರ ಇಬ್ಬರೂ 'ಎಚ್-551'. ಅಣ್ಣ ತಂಗಿ ಒಬ್ಬರೇ ಆಗಿಬಿಟ್ಟರು!

ರಷ್ಯಾದ ಲೆವೆನ್‌ಸ್ಟೈನ್ 1965ರಲ್ಲಿ ಇನ್ನೊಂದು ಅಳತೆ ಕೊಟ್ಟ: ಒಂದು ಹೆಸರು ಇನ್ನೊಂದಾಗಲು ಎಷ್ಟು ಅಕ್ಷರ ತಿದ್ದಬೇಕು ಎಂದು ಎಣಿಸುವುದು. ಇಂಗ್ಲಿಷ್ ಅಕ್ಷರದಲ್ಲಿ ವೆಂಕಪ್ಪನನ್ನು ಯಂಕಪ್ಪ ಮಾಡಲು ಎರಡು ತಿದ್ದುಪಡಿ. ಹನುಮಪ್ಪನನ್ನು ಹನುಮವ್ವ ಮಾಡಲೂ ಎರಡೇ. ಯಂತ್ರಕ್ಕೆ ಎರಡೂ ಸಮ. ಒಂದನ್ನು ತಳ್ಳಿದರೆ ಯಂಕಪ್ಪನ ಪರಿಹಾರ ಹೋಯಿತು, ಇನ್ನೊಂದನ್ನು ಒಪ್ಪಿದರೆ ಹನುಮವ್ವನ ಪಾಲಿನ ಹೊಲ ಹೋಯಿತು. ವೆಂಕಪ್ಪ ಯಂಕಪ್ಪ ಒಂದೇ, ಅಪ್ಪ ಅವ್ವ ಬೇರೆ ಎಂಬುದು ನಮ್ಮೂರ ದನ ಕಾಯುವ ಹುಡುಗನಿಗೂ ಗೊತ್ತು!

ಮೋಸ ತಡೆಯಲು ಇದೆಲ್ಲ ಬೇಕು ಎನ್ನುತ್ತಾರೆ ಅಧಿಕಾರಿಗಳು. ಸ್ವಾಮಿ, ಕಳ್ಳ ತನ್ನ ಕಾಗದವನ್ನು ಒಂದು ಕೊಂಬೂ ತಪ್ಪದಂತೆ ಮಾಡಿಸಿಕೊಂಡು ಬರುತ್ತಾನೆ. ತಪ್ಪು ಉಳಿಯುವುದು ಸಾಚಾ ರೈತನ ಕಾಗದದಲ್ಲೇ. 2019ರಿಂದ ಬರುವ ಪಿಎಂ-ಕಿಸಾನ್ ಕಂತು 2,000 ರೂಪಾಯಿ. ಅದರ ಸಲುವಾಗಿ ಕೆಲಸ ಬಿಟ್ಟು ಸಿಂಧನೂರಿಗೆ ಬಸ್ಸು, ನೋಟರಿ, ಝೆರಾಕ್ಸ್! ಅಷ್ಟರಲ್ಲಿ ಗೊಬ್ಬರ ಉದ್ರಿ ತಂದು ಬಡ್ಡಿ ಏರಿರುತ್ತದೆ. ಒಂದು ಅಕ್ಷರ ಹೀಗೆ ಸಾಲವಾಗುತ್ತದೆ.

ನಾವು ಕಂಪ್ಯೂಟರ್ ಬೇಡ ಎನ್ನುವವರಲ್ಲ. ಅದು ಅನುಮಾನದ ಹೆಸರುಗಳ ಪಟ್ಟಿ ಮಾಡಲಿ, ತೀರ್ಪು ಮಾತ್ರ ಕೊಡಬಾರದು. ನಮ್ಮ ಒತ್ತಾಯ ಇಷ್ಟು:

ಹೆಸರನ್ನು ಕನ್ನಡದ ಉಚ್ಚಾರದಿಂದಲೇ, ಈ ಸೀಮೆಯ ಆಡುಮಾತು ತಿಳಿದು ತಾಳೆ ಹಾಕಬೇಕು. ತಂದೆಯ ಹೆಸರು, ಸರ್ವೆ ನಂಬರು ಜೊತೆಗೆ ನೋಡಬೇಕು.

ಎಷ್ಟು ಹೊಂದಿದರೆ ಪಾಸು, ಎಷ್ಟಕ್ಕೆ ಫೇಲು ಎಂಬುದನ್ನು ನಾಡಕಚೇರಿಯ ಗೋಡೆಯ ಮೇಲೆ ಬರೆಯಬೇಕು.

ಹೊಂದದ ಹೆಸರುಗಳನ್ನು ಗ್ರಾಮಸಭೆಯಲ್ಲಿ ಓದಿ, ಗ್ರಾಮ ಆಡಳಿತ ಅಧಿಕಾರಿಯೇ ಊರಿಗೆ ಬಂದು ತಿದ್ದಬೇಕು, ರೈತನಿಂದ ಒಂದು ಪೈಸೆ ಕೇಳದೆ. ಅಣ್ಣತಂಗಿಯರ ಹೆಸರು ಬೆರೆಸುವ ಮುನ್ನ ಇಬ್ಬರನ್ನೂ ಕೇಳಬೇಕು.

ಬಾಂಧವರೇ, ಇಂದೇ ನಿಮ್ಮ ಪಹಣಿ, ಆಧಾರ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆಸರು ಬೇರೆಬೇರೆ ಕಂಡರೆ ಒಬ್ಬೊಬ್ಬರೇ ಕಚೇರಿಯ ಕಿಟಕಿಗೆ ಹೋಗಿ ಕೈಮುಗಿಯಬೇಡಿ. ಊರಿನವರೆಲ್ಲ ಒಂದೇ ಪಟ್ಟಿ ಮಾಡಿ, ಒಟ್ಟಾಗಿ ಹೋಗಿ, ಸಹಿ ಹಾಕಿದ ಸ್ವೀಕೃತಿ ಪಡೆದು ಬನ್ನಿ. ನಮ್ಮ ಹೆಸರು ಕಟ್ಟಿದ್ದು ಹೆತ್ತವರು, ಅದನ್ನು ಅಳಿಸುವ ಅಧಿಕಾರ ಯಾವ ಯಂತ್ರಕ್ಕೂ ಇಲ್ಲ!