ತಟ್ಟೆ ಖಾಲಿ ವಾಪಸ್ ಹೋಗಬಾರದು

ಡಿಸೆಂಬರ್ ಬಂತೆಂದರೆ ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿಗೆ ಜೀವ ಬರುತ್ತದೆ. ವರ್ಷವಿಡೀ ಗುಡ್ ಮಾರ್ನಿಂಗ್ ಹೂವುಗಳೇ ತುಂಬಿರುವ ಗ್ರೂಪಿನಲ್ಲಿ ಗಂಭೀರ ಚರ್ಚೆ ಶುರು. ರಜೆ ಸಿಕ್ತಾ? ಬಸ್ ಬುಕ್ ಆಯ್ತಾ? ನಕ್ಷತ್ರ ಹೊಸದು ತರೋದಾ, ಅಟ್ಟದ ಮೇಲಿರೋ ಹಳೇದೇ ಸಾಕಾ? ಇದೆಲ್ಲ ಮುಗಿದ ಮೇಲೆ ಬರುತ್ತದೆ ಅಸಲಿ ಪ್ರಶ್ನೆ: ಈ ಸಲ ಕುಸ್ವಾರ್ ಕತೆ ಏನು?

ಕರಾವಳಿಯವರಿಗೆ ಕುಸ್ವಾರ್ ಅಂದರೇನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಚಿಕ್ಕದಾಗಿ ಹೇಳ್ತೇನೆ. ಮಂಗಳೂರು ಕಡೆಯ ಕಥೋಲಿಕ್ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಇರುವ ಒಂದೇ ಹೆಸರು ಕುಸ್ವಾರ್. ಅದರಲ್ಲಿ ನೆವ್ರಿ ಇರಲೇಬೇಕು. ಅದು ನಿಮ್ಮನೆ ಕರ್ಜಿಕಾಯಿಯ ತಂಗಿ. ಒಳಗೆ ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿ. ಆಮೇಲೆ ಕಿಡಿಯೊ. ಕೊಂಕಣಿಯಲ್ಲಿ ಹಾಗಂದ್ರೆ ಹುಳಗಳು! ಮೈದಾ ಹಿಟ್ಟಿನ ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ ಸುರುಳಿ ಮಾಡಿದರೆ ನಿಜಕ್ಕೂ ದಪ್ಪ ಹುಳದ ಹಾಗೆಯೇ ಕಾಣುತ್ತದೆ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಮುಗಿಯಿತು, ಡಬ್ಬ ಖಾಲಿಯಾಗೋವರೆಗೆ ಕೈ ನಿಲ್ಲೋದಿಲ್ಲ.

ಇವುಗಳ ಜೊತೆಗೆ ತೆಂಗಿನ ಹಾಲಿನಲ್ಲಿ ಅಕ್ಕಿ ಹಿಟ್ಟು ಕಲಸಿ ಮಾಡುವ ಗೋಲಿಯಂಥ ಗುಳಿಯೊ, ಅಚ್ಚಿನಲ್ಲಿ ಅದ್ದಿ ಕರಿಯುವ ಗುಲಾಬಿ ಹೂವು, ಅಕ್ಕಿಯ ಲಾಡು, ಚಕ್ಕುಲಿ, ಪೇರಳೆ ಹಣ್ಣು ಕಾಯಿಸಿ ಮಾಡುವ ಪೆರಾದ್, ಮತ್ತೆ ಕೇಕ್. ಅಂದ ಹಾಗೆ ಪ್ಲಮ್ ಕೇಕಿನಲ್ಲಿ ಪ್ಲಮ್ ಯಾಕಿಲ್ಲ ಅಂತ ಆಫೀಸಿನಲ್ಲಿ ಪ್ರತಿವರ್ಷ ಒಬ್ಬರಾದರೂ ಕೇಳ್ತಾರೆ. ಹಳೇ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೂ ಪ್ಲಮ್ ಅಂತಲೇ ಕರೀತಿದ್ರು, ಅಷ್ಟೇ ಗುಟ್ಟು.

ನಮ್ಮ ಹಿರಿಯರು ಶತಮಾನಗಳ ಹಿಂದೆ ಗೋವಾದಿಂದ ತೆಂಕಣಕ್ಕೆ ಇಳಿದು ಬಂದವರು. ಗೋವಾದವರು ಈ ತಿಂಡಿ ತಟ್ಟೆಗೆ ಕೊನ್ಸುವಾದ ಅನ್ನುತ್ತಾರೆ. ಪೋರ್ಚುಗಲ್‌ನಲ್ಲಿ ಅದೇ ಪದಕ್ಕೆ ಕ್ರಿಸ್ಮಸ್ ಮುನ್ನಾದಿನದ ರಾತ್ರಿಯೂಟ ಅಂತ ಅರ್ಥ. ಅಲ್ಲಿ ಮನೆಮಂದಿ ಒಟ್ಟಿಗೆ ಕೂತು ಉಣ್ಣುವುದಕ್ಕೆ ಇದ್ದ ಹೆಸರು ನಮ್ಮ ಕಡೆ ಮನೆ ಮನೆಗೆ ಹಂಚುವ ತಟ್ಟೆಯ ಹೆಸರಾಗಿದೆ. ನನಗಂತೂ ಈ ಬದಲಾವಣೆ ಬಹಳ ಇಷ್ಟ.

ಹಬ್ಬದ ಹಿಂದಿನ ಹಬ್ಬ

ಕಿನ್ನಿಗೋಳಿ ಹತ್ತಿರದ ನಮ್ಮ ಮನೆಯಲ್ಲಿ ಕ್ರಿಸ್ಮಸ್ 25ಕ್ಕೆ ಶುರುವಾಗುತ್ತಿರಲಿಲ್ಲ. ಡಿಸೆಂಬರ್ ಎರಡನೇ ವಾರ ಚಪ್ಪಟೆ ಡಬ್ಬಗಳಲ್ಲಿ ಮಣ್ಣು ತುಂಬಿ ಭತ್ತ, ರಾಗಿ ಬಿತ್ತುವುದು ಮಕ್ಕಳಾದ ನಮ್ಮ ಕೆಲಸ. ಹಬ್ಬದ ಹೊತ್ತಿಗೆ ಅದು ಹಸುರಾಗಿ ಎದ್ದು ಗೋದಲಿಗೆ ಹುಲ್ಲುಗಾವಲು ಆಗಬೇಕು. ತಮ್ಮ ದಿನಕ್ಕೆ ಮೂರು ಸಲ ನೀರು ಹಾಕಿ ಅರ್ಧ ಬೀಜ ಕೊಳೆಸುತ್ತಿದ್ದ. ಗೋದಲಿಯಲ್ಲಿ ಕುರಿ, ಹಸು, ಕುರುಬರು ಎಲ್ಲ ಮೊದಲೇ ಬಂದು ನಿಲ್ಲುತ್ತಿದ್ದರು. ಬಾಲಯೇಸುವಿನ ಗೊಂಬೆ ಮಾತ್ರ ನಡುರಾತ್ರಿಯ ಪೂಜೆ ಮುಗಿಸಿ ಬಂದ ಮೇಲೆಯೇ. ಅಲ್ಲಿವರೆಗೆ ಅದು ಮಮ್ಮಿಯ ಕಪಾಟಿನಲ್ಲಿ, ಸೀರೆಗಳ ನಡುವೆ.

ಅಡುಗೆಮನೆಯಲ್ಲಿ ಮಾಂಯ್‌ದೇ ಆಡಳಿತ. ಮಾಂಯ್ ಅಂದ್ರೆ ಪಪ್ಪನ ಅಮ್ಮ. ರಾತ್ರಿ ಊಟ ಆದ ಮೇಲೆ ಚಾಪೆ ಹಾಸಿ ಎಲ್ಲರೂ ಸುತ್ತ ಕೂರುವುದು. ಒಬ್ಬರು ಹಿಟ್ಟು ಲಟ್ಟಿಸುವುದು, ಒಬ್ಬರು ಹೂರಣ ತುಂಬುವುದು, ಮಾಂಯ್ ಅಂಚು ಮಡಚುವುದು. ನಾವು ಮಕ್ಕಳು ಬಾಚಣಿಗೆ ಹಿಡಿದು ಕಿಡಿಯೊ ಒತ್ತುವುದು. ಪಪ್ಪ ಆಗ ಕುವೈತಿನಲ್ಲಿ. ಅವರು ಕಳಿಸಿದ ಹಾಲಿನ ಪುಡಿಯ ದೊಡ್ಡ ಡಬ್ಬಗಳನ್ನು ಮಮ್ಮಿ ಎಸೆಯುತ್ತಲೇ ಇರಲಿಲ್ಲ. ಯಾರಾದರೂ ಆ ಕಡೆ ಹೊರಟರೆ ಅದೇ ಡಬ್ಬದಲ್ಲಿ ಗುಳಿಯೊ, ಲಾಡು ತುಂಬಿ, ಬಾಯಿಗೆ ಟೇಪ್ ಸುತ್ತಿ ಕೊಟ್ಟು ಕಳಿಸುತ್ತಿದ್ದರು. ಹಾಲಿನ ಪುಡಿ ಹೊತ್ತು ಬಂದ ಡಬ್ಬ ಕುಸ್ವಾರ್ ಹೊತ್ತು ಹೋಗುತ್ತಿತ್ತು.

ಒಂದು ವಿಷಯ ನನಗೆ ಅರ್ಥವಾಗಿದ್ದು ದೊಡ್ಡವಳಾದ ಮೇಲೆ. ಕರಿಯುವ ದಿನ ಬಾಣಲೆಗೆ ಹೊಸ ಎಣ್ಣೆ ಹಾಕಿದ ಕೂಡಲೇ ಮೊದಲು ಬೀಳುತ್ತಿದ್ದುದು ಪಕ್ಕದ ಮನೆಯವರ ಪಾಲಿನ ನೆವ್ರಿ ಮತ್ತು ಚಕ್ಕುಲಿ. ಅವರು ಮೊಟ್ಟೆ ಮುಟ್ಟದವರು. ಮೊಟ್ಟೆ ಹಾಕಿದ ಗುಲಾಬಿ ಹೂವು, ಕಿಡಿಯೊ ಎಲ್ಲ ಆಮೇಲೆ. ಅವರ ಪಾಲಿಗೆ ಡಬ್ಬ ಬೇರೆ, ಸೌಟು ಬೇರೆ. ಮಾಂಯ್ ಇದನ್ನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಪಕ್ಕದ ಮನೆಯವರೂ ಯಾವತ್ತೂ ಕೇಳಲಿಲ್ಲ. ಬಂದ ತಟ್ಟೆಯನ್ನು ನಂಬಿ ತಿಂದರು, ಅಷ್ಟೇ.

24ರ ಸಂಜೆ ನಮ್ಮ ಡ್ಯೂಟಿ. ಕ್ರೋಶಾ ಬಟ್ಟೆ ಮುಚ್ಚಿದ ಸ್ಟೀಲ್ ತಟ್ಟೆ ಹಿಡಿದು ಗದ್ದೆಯ ಹುಣಿಯ ಮೇಲೆ ನಡೆದು 18 ಮನೆ ಸುತ್ತುವುದು. ಯಾವ ಮನೆಯವರೂ ತಟ್ಟೆಯನ್ನು ಖಾಲಿ ವಾಪಸ್ ಕೊಡುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ, ಎರಡು ಬಾಳೆಹಣ್ಣು. ಚೌತಿಗೆ, ದೀಪಾವಳಿಗೆ, ಈದಿಗೆ ಅವರ ತಟ್ಟೆಗಳು ನಮ್ಮಲ್ಲಿಗೆ ಬರುತ್ತಿದ್ದವು. ಲೆಕ್ಕ ಯಾರೂ ಬರೆದಿಡಲಿಲ್ಲ, ಆದರೆ ಯಾರೂ ಮರೆಯಲೂ ಇಲ್ಲ.

ನಕ್ಷತ್ರ ಇಲ್ಲದ ವರ್ಷ

2004ರ ನವೆಂಬರಿನಲ್ಲಿ ಮಾಂಯ್ ತೀರಿಹೋದರು. ನಾನಾಗ ಆರನೇ ಕ್ಲಾಸು. ಸಾವಾದ ಮನೆಯಲ್ಲಿ ಆ ವರ್ಷ ನಕ್ಷತ್ರ ಕಟ್ಟುವುದಿಲ್ಲ, ಬಾಣಲೆ ಇಡುವುದಿಲ್ಲ ಅನ್ನುವುದು ನಮ್ಮಲ್ಲಿ ನಡೆದುಬಂದ ಕ್ರಮ. ಭತ್ತ ಬಿತ್ತಲಿಲ್ಲ. ಮಾಂಯ್ ಕೂರುತ್ತಿದ್ದ ಚಾಪೆಯನ್ನು ಯಾರೂ ಬಿಡಿಸಲಿಲ್ಲ. ಪಪ್ಪ ರಜೆ ಮುಗಿಸಿ ವಾಪಸ್ ಹೋಗಿಯಾಗಿತ್ತು. ಅಷ್ಟು ದೊಡ್ಡ ಮನೆಯಲ್ಲಿ ನಾವು ಮೂರೇ ಜನ.

24ರ ಸಂಜೆ ಬಾಗಿಲ ಬಳಿ ಪಕ್ಕದ ಮನೆ ಆಂಟಿ ನಿಂತಿದ್ದರು. ಕೈಯಲ್ಲಿ ತಟ್ಟೆ, ಮೇಲೆ ಬಾಳೆ ಎಲೆ. "ಅಕ್ಕಾ, ಇದು ನಿಮ್ಮ ಹಾಗೆ ಚಂದ ಬರ್ಲಿಲ್ಲ. ಅಂಚು ಒಡೆದು ಹೋಯ್ತು. ನೀವು ಮಾಡದಿದ್ರೆ ಮಕ್ಕಳಿಗೆ ಹಬ್ಬ ಬೇಡ್ವಾ?" ಅಂತ ತುಳುವಿನಲ್ಲಿ ಹೇಳಿ ಮಮ್ಮಿ ಕೈಗೆ ಕೊಟ್ಟರು. ತಟ್ಟೆ ತುಂಬ ಕರ್ಜಿಕಾಯಿ.

ಆಮೇಲೆ ಒಂದೊಂದಾಗಿ ಬಂದವು. ಎರಡು ಮನೆ ಆಚೆಯ ಆಕಯ್ ಅವರಿಂದ ಕಿಡಿಯೊ, ಮಮ್ಮಿಯ ತವರಿಂದ ಕೇಕ್, ರಸ್ತೆಯಾಚೆಯ ಬ್ಯಾರಿಗಳ ಮನೆಯಿಂದ ಒಂದು ಗೊನೆ ಬಾಳೆಹಣ್ಣು. ಆ ರಾತ್ರಿ ನಮ್ಮ ಮೇಜಿನ ಮೇಲೆ ಒಂಬತ್ತು ತಟ್ಟೆಗಳಿದ್ದವು. ಮಣ್ಣಾದ ದಿನವೂ ಗಟ್ಟಿಯಾಗಿದ್ದ ಮಮ್ಮಿ ಆ ತಟ್ಟೆಗಳನ್ನು ಜೋಡಿಸುತ್ತಾ ಜೋರಾಗಿ ಅತ್ತರು. ಮಾರನೇ ದಿನ ಎಲ್ಲ ತಟ್ಟೆಗಳನ್ನೂ ತೊಳೆದು, ಪ್ರತಿಯೊಂದಕ್ಕೂ ಒಂದೊಂದು ಚಮಚ ಸಕ್ಕರೆ ಹಾಕಿ ನಮ್ಮ ಕೈಯಲ್ಲೇ ಕಳಿಸಿದರು.

ನನ್ನ ಅತ್ಯಂತ ಇಷ್ಟದ ಕ್ರಿಸ್ಮಸ್ ನೆನಪು ಯಾವುದು ಅಂತ ಯಾರಾದರೂ ಕೇಳಿದರೆ, ವಿಚಿತ್ರ ಅನಿಸಬಹುದು, ನಾನು ನಕ್ಷತ್ರವೇ ಇಲ್ಲದ ಈ ಕ್ರಿಸ್ಮಸ್ಸನ್ನೇ ಹೇಳುತ್ತೇನೆ. ಮಾಂಯ್ ಅಷ್ಟು ವರ್ಷ ಹಂಚಿದ್ದು ಬರೀ ತಿಂಡಿಯಲ್ಲ ಅಂತ ಗೊತ್ತಾಗಿದ್ದು ಆವತ್ತು.

ಆರ್ಡರ್ ಮಾಡಿದ್ರೆ ಆಗಲ್ವಾ?

ಈಗ ಕತೆ ಬೇರೆ. ನಾನು ಬೆಂಗಳೂರಿನಲ್ಲಿ, ತಮ್ಮ ದುಬೈಯಲ್ಲಿ. ಪಪ್ಪ ರಿಟೈರ್ ಆಗಿ ಊರಿಗೆ ಬಂದಿದ್ದಾರೆ. ಮಮ್ಮಿಯ ಮಂಡಿ ಸವೆದಿದೆ. ಹೆಚ್ಚು ಹೊತ್ತು ನಿಲ್ಲಬಾರದು, ನೆಲದ ಮೇಲೆ ಕೂರಲೇಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಕಳೆದ ಡಿಸೆಂಬರಿನಲ್ಲಿ ತಮ್ಮ ಗ್ರೂಪಿನಲ್ಲಿ ಬರೆದ: "ಎಲ್ಲಾ ಬೇಕರಿಯಲ್ಲೇ ಸಿಗುತ್ತಲ್ಲ, ಆರ್ಡರ್ ಮಾಡೋಣ. ದುಡ್ಡು ನಾನು ಹಾಕ್ತೇನೆ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಂಪ್ರದಾಯ ಅಂತ ನಾವು ಹೆಮ್ಮೆಯಿಂದ ಹೇಳುವ ಎಷ್ಟೋ ವಿಷಯಗಳು ನಿಂತಿರುವುದು ಮನೆಯ ಒಬ್ಬ ಹೆಂಗಸಿನ ಬೆನ್ನು, ಮಂಡಿಗಳ ಮೇಲೆ. ಎರಡು ವಾರ ರಾತ್ರಿ ಹನ್ನೆರಡರ ತನಕ ಬಾಣಲೆ ಮುಂದೆ ನಿಂತ ಮಮ್ಮಿ ನಡುರಾತ್ರಿಯ ಪೂಜೆಯಲ್ಲಿ ಪಾದ್ರಿಗಳ ಪ್ರಸಂಗಕ್ಕೆ ತೂಕಡಿಸುತ್ತಿದ್ದುದನ್ನು ನೋಡಿ ನಾವು ನಗುತ್ತಿದ್ದೆವು. ಅದು ತಮಾಷೆಯಲ್ಲ, ಸುಸ್ತು.

ಮಮ್ಮಿ ಮೂರು ದಿನ ಉತ್ತರ ಕೊಡಲಿಲ್ಲ. ಬ್ಲೂ ಟಿಕ್ ಮಾತ್ರ. ನಾಲ್ಕನೇ ದಿನ ಒಂದು ವಾಯ್ಸ್ ನೋಟ್ ಬಂತು: "ತಿನ್ನೋದಕ್ಕಾದ್ರೆ ಆರ್ಡರ್ ಮಾಡಿ. ಕೊಡೋದಕ್ಕಾದ್ರೆ ನಾನು ಮಾಡ್ತೇನೆ."

ಈ ಒಂದು ಸಾಲಿನ ಮೇಲೆ ಆ ರಾತ್ರಿ ಒಂದೂವರೆ ಗಂಟೆ ವಿಡಿಯೋ ಕಾಲ್ ನಡೆಯಿತು. ಕೊನೆಗೆ ಒಂದು ಒಪ್ಪಂದ ಆಯ್ತು.

ಒಂದು: ಒಂಬತ್ತು ಬಗೆ ಬೇಡ, ಮೂರು ಸಾಕು. ನೆವ್ರಿ, ಕಿಡಿಯೊ, ಗುಲಾಬಿ ಹೂವು. ಕೇಕ್ ಮತ್ತು ಪೆರಾದ್‌ಗೆ ನಮ್ಮ ಇಗರ್ಜಿಯವರೇ ಆದ, ಮನೆಯಲ್ಲೇ ಮಾಡಿ ಮಾರುವ ಒಬ್ಬರಿಗೆ ಆರ್ಡರ್. ಅವರಿಗೂ ಹಬ್ಬದ ಖರ್ಚಿಗೆ ಆಯ್ತು.

ಎರಡು: ಮಮ್ಮಿ ಕುರ್ಚಿಯಲ್ಲಿ. ಬಾಣಲೆ ಮುಂದೆ ಪಪ್ಪ. ಮೂವತ್ತು ವರ್ಷ ಗಲ್ಫಿನಲ್ಲಿ ದುಡಿದು ಬಂದವರು 66ನೇ ವಯಸ್ಸಿನಲ್ಲಿ ಗುಲಾಬಿ ಹೂವು ಕಲಿತರು. ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯಬೇಕು, ಆಮೇಲೆ ಹಿಟ್ಟಿಗೆ ಅದ್ದಬೇಕು, ಅದೂ ಅಚ್ಚಿನ ಅಂಚು ಮುಳುಗದ ಹಾಗೆ. ಪೂರ್ತಿ ಮುಳುಗಿಸಿದರೆ ಹೂವು ಅಚ್ಚು ಬಿಟ್ಟು ಬರೋದೇ ಇಲ್ಲ. ಮೊದಲ ಹತ್ತು ಹೂವು ಪುಡಿ ಪುಡಿ. "ಪರವಾಗಿಲ್ಲ, ಇದು ನಿಮಗೇ" ಅಂತ ಮಮ್ಮಿ ಕುರ್ಚಿಯಿಂದಲೇ ತೀರ್ಪು ಕೊಟ್ಟರು.

ಮೂರು: ಅಳತೆ ಬರೆದಿಡುವುದು. ಮಮ್ಮಿಯನ್ನು ಕೇಳಿದರೆ "ಒಂದು ಕುಡ್ತೆ, ಮತ್ತೆ ಕೈಗೆ ಗೊತ್ತಾಗ್ತದೆ" ಅನ್ನುತ್ತಾರೆ. ನಮ್ಮ ಕೈಗೆ ಏನೂ ಗೊತ್ತಾಗುವುದಿಲ್ಲ ಮಾರಾಯ್ರೆ! ಹಾಗಾಗಿ ಅವರು ಹಾಕುವ ಮೊದಲು ಪ್ರತಿಯೊಂದನ್ನೂ ತಕ್ಕಡಿಯಲ್ಲಿಟ್ಟು ತೂಗಿ ಫೋನಿನಲ್ಲಿ ಬರೆದುಕೊಂಡೆ. ತಮ್ಮ ದುಬೈಯ ಫ್ಲ್ಯಾಟಿನಲ್ಲಿ ಅದೇ ಅಳತೆಗೆ ಹಿಟ್ಟು ಕಲಸಿ ಮಗಳ ಕೈಗೆ ಬಾಚಣಿಗೆ ಕೊಟ್ಟ. ಐದು ವರ್ಷದ ಆ ಹುಡುಗಿ ಫೋನಿನಲ್ಲಿ ಅಜ್ಜಿಗೆ ತೋರಿಸಿದ ಮೊದಲ ಹುಳ ಬೆರಳಿನಷ್ಟು ದಪ್ಪ ಇತ್ತು.

ತಟ್ಟೆ ಸುತ್ತುವ ಕೆಲಸ ಹೇಗಿದ್ದರೂ ನನ್ನದೇ. 18 ಮನೆ ಈಗ 11 ಆಗಿದೆ. ಕೆಲವರು ಊರು ಬಿಟ್ಟರು, ಕೆಲವು ಬಾಗಿಲು ಮುಚ್ಚಿವೆ. ಪಕ್ಕದ ಮನೆ ಆಂಟಿ ಈಗ ಒಬ್ಬರೇ. ಹೊಸ ಎಣ್ಣೆಯ ಮೊದಲ ನೆವ್ರಿ ಈಗಲೂ ಅವರಿಗೇ. ಗದ್ದೆ ಇದ್ದ ಜಾಗದಲ್ಲಿ ಒಂದು ಅಪಾರ್ಟ್‌ಮೆಂಟ್ ಎದ್ದಿದೆ. ಅಲ್ಲಿಗೂ ಒಂದು ತಟ್ಟೆ ಕಳಿಸು ಅಂದರು ಮಮ್ಮಿ. ಬಾಗಿಲು ತೆಗೆದವರು ಕಲಬುರಗಿ ಕಡೆಯ ಹೊಸ ದಂಪತಿ, ನಮ್ಮ ಪರಿಚಯವೇ ಇಲ್ಲ. ಸ್ವಲ್ಪ ಗಾಬರಿಯಿಂದಲೇ ತಟ್ಟೆ ತಗೊಂಡರು, ವಾಪಸ್ ಕೊಡಲಿಲ್ಲ. ಮಮ್ಮಿಗೆ ತಟ್ಟೆಯದೇ ಚಿಂತೆ. ಸಂಕ್ರಾಂತಿಯ ದಿನ ಅದೇ ತಟ್ಟೆ ಬಂತು, ಅದರ ತುಂಬ ಎಳ್ಳು-ಬೆಲ್ಲ ಮತ್ತು ಶೇಂಗಾ ಹೋಳಿಗೆ. ಫೋಟೋ ಗ್ರೂಪಿಗೆ ಬಂದಾಗ ದುಬೈಯಿಂದ ತಮ್ಮ ಬರೆದ: "ಲಿಸ್ಟಿಗೆ 12ನೇ ಮನೆ ಸೇರಿಸಿ."

ನಿಮ್ಮನೆಯ ಹಬ್ಬ ಯಾವುದಾದರೂ ಸರಿ

ಇದು ಕ್ರಿಸ್ಮಸ್ ಒಂದರ ಮಾತಲ್ಲ. ಚೌತಿಯ ಚಕ್ಕುಲಿ, ದೀಪಾವಳಿಯ ಹೋಳಿಗೆ, ಈದಿನ ಬಿರಿಯಾನಿ, ಎಲ್ಲ ಮನೆಯಲ್ಲೂ ಇದೇ ಪ್ರಶ್ನೆ ಇದೆ. ಅಮ್ಮನಿಗೆ ಆಗುವುದಿಲ್ಲ, ನಮಗೆ ಪುರುಸೊತ್ತಿಲ್ಲ. ಪೂರ್ತಿ ಬಿಟ್ಟುಬಿಡುವುದು ಸುಲಭ. ಪೂರ್ತಿ ಅಮ್ಮನ ಮೇಲೆ ಹಾಕುವುದು ಇನ್ನೂ ಸುಲಭ. ಮಧ್ಯದ ದಾರಿಗೆ ಸ್ವಲ್ಪ ಕೂತು ಮಾತಾಡಬೇಕು: ಯಾವುದನ್ನು ಮನೆಯಲ್ಲೇ ಮಾಡೋಣ, ಯಾವುದನ್ನು ಕೊಂಡುತರೋಣ, ಯಾರು ಯಾವ ಕೆಲಸಕ್ಕೆ. ಗಂಡಸರ ಹೆಸರೂ ಪಟ್ಟಿಯಲ್ಲಿರಲಿ. ಅಳತೆಗಳನ್ನು ಈ ವರ್ಷವೇ ಬರೆದುಕೊಳ್ಳಿ, ಹೇಳಿಕೊಡುವವರು ಎದುರಿಗೆ ಇರುವಾಗಲೇ.

ಮಾಡುವುದು ಆಗದಿದ್ದರೂ ಪರವಾಗಿಲ್ಲ, ಕೊಡುವುದನ್ನು ಬಿಡಬೇಡಿ. ಬೇಕರಿಯ ಕೇಕನ್ನೇ ನಾಲ್ಕು ತುಂಡು ಮಾಡಿ ತಟ್ಟೆಯಲ್ಲಿಟ್ಟು ಎದುರಿನ ಫ್ಲ್ಯಾಟಿನ ಬೆಲ್ ಒತ್ತಿ. ಮೊದಲ ಸಲ ಇಬ್ಬರಿಗೂ ಮುಜುಗರ ಆಗುತ್ತದೆ, ಎರಡನೇ ಸಲ ಹೆಸರು ಗೊತ್ತಾಗಿರುತ್ತದೆ. ಕಷ್ಟದ ವರ್ಷವೊಂದು ಎಲ್ಲರ ಮನೆಗೂ ಬರುತ್ತದೆ. ಆ ವರ್ಷ ಬಾಗಿಲಿಗೆ ಬರುವವರು ಇಂಥ ತಟ್ಟೆಗಳಿಂದ ಪರಿಚಯವಾದವರೇ.

ಈ ಡಿಸೆಂಬರಿನಲ್ಲಿ ನಿಮ್ಮ ಬಾಗಿಲಿಗೂ ಬಟ್ಟೆ ಮುಚ್ಚಿದ ಒಂದು ತಟ್ಟೆ ಬಂದರೆ ಗಾಬರಿಯಾಗಬೇಡಿ. ಮೊಟ್ಟೆ ಇದೆಯಾ ಅಂತ ಬೇಕಾದರೆ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಟ್ಟೆ ವಾಪಸ್ ಕೊಡುವಾಗ ಏನು ಹಾಕಬೇಕು ಅಂತ ತಲೆಕೆಡಿಸಿಕೊಳ್ಳುವುದೂ ಬೇಡ. ಒಂದು ಚಮಚ ಸಕ್ಕರೆ ಸಾಕು.