ಹೆಸರಿಲ್ಲದ ದಾನಿಯ ಋಣ

ನವೆಂಬರ್ ತಿಂಗಳು ಮೃತರ ಸ್ಮರಣೆಗೆ ಮೀಸಲಾದುದು. ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚಿ, ಅಗಲಿದ ಹಿರಿಯರ ಹೆಸರು ಹೇಳಿ ಬಲಿಪೂಜೆ ಅರ್ಪಿಸುತ್ತೇವೆ. ಈ ಬಾರಿ ಹೆಸರೇ ತಿಳಿಯದ ಒಬ್ಬರನ್ನೂ ನೆನೆಯಬೇಕೆಂಬುದು ನನ್ನ ಅರಿಕೆ.

1977ರಲ್ಲಿ ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ 50 ವರ್ಷದ ರೋಗಿಯೊಬ್ಬರಿದ್ದರು. ಅವರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಕತ್ತಿನ ಬುಡದ ದುಗ್ಧಗ್ರಂಥಿಗೂ ಹರಡಿತ್ತು. ಅಲ್ಲಿಂದ ಸೂಜಿಯ ಮೂಲಕ ತೆಗೆದ ಚೂರನ್ನು ವಿಜ್ಞಾನಿ ಹೊರೊಸೆವಿಚ್ ಮತ್ತು ಸಂಗಡಿಗರು ಪೋಷಕ ದ್ರವದಲ್ಲಿಟ್ಟು ಬೆಳೆಸಿದರು. ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳು ದೇಹದ ಹೊರಗೆ ಉಳಿಯುವುದು ಬಹಳ ಕಷ್ಟ. ಇವು ಉಳಿದವು, ಒಂದು ಎರಡಾಗಿ, ಎರಡು ನಾಲ್ಕಾಗಿ, ‘ಎಲ್‌ಎನ್‌ಕ್ಯಾಪ್’ ಎಂಬ ಸಂತತಿಯಾಗಿ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಾಳುತ್ತಿವೆ.

ಈ ಕೋಶಗಳಿಗೆ ಅಂಟಿಕೊಳ್ಳುವ ಪ್ರತಿಕಾಯವೊಂದನ್ನು ಅದೇ ವಿಜ್ಞಾನಿಗಳು 1987ರಲ್ಲಿ ಪ್ರಕಟಿಸಿದರು. ಅದರಿಂದ ಪಿಎಸ್‌ಎಂಎ ಎಂಬ ಪ್ರೋಟೀನಿನ ಪರಿಚಯವಾಯಿತು. ಆ ಪ್ರೋಟೀನನ್ನೇ ಗುರುತಾಗಿ ಹಿಡಿದು ಕ್ಯಾನ್ಸರ್ ಕೋಶಕ್ಕೆ ವಿಕಿರಣವನ್ನು ಒಯ್ಯುವ ಲುಟೀಷಿಯಂ ಔಷಧಕ್ಕೆ 2022ರಲ್ಲಿ ಅಮೆರಿಕ ಅನುಮತಿ ನೀಡಿತು. ಒಬ್ಬರ ನೋವು 45 ವರ್ಷಗಳ ಬಳಿಕ ಅನೇಕರಿಗೆ ಮದ್ದಾಯಿತು.

ಪ್ರಯೋಗಾಲಯದ ಜೀವಕೋಶವೆಂದೊಡನೆ ನಮ್ಮಲ್ಲಿ ಕೆಲವರು ಹಿಂಜರಿಯುವುದುಂಟು. ಅದು ಅಕಾರಣವಲ್ಲ. ಗರ್ಭಪಾತಕ್ಕೀಡಾದ ಶಿಶುಗಳಿಂದ ಪಡೆದ ಸಂತತಿಗಳೂ ಬಳಕೆಯಲ್ಲಿವೆ. ಸಂಶೋಧಕರು ಅಂಥವನ್ನು ನಿರಾಕರಿಸಬೇಕೆಂದು 2008ರ ‘ದಿಗ್ನಿತಾಸ್ ಪೆರ್ಸೋನೆ’ ಬೋಧಿಸಿದೆ. ಆದರೆ ರೋಗಿ ತಾನಾಗಿ ಕೊಟ್ಟ ತನ್ನ ದೇಹದ ಅಂಶವು ಬೇರೆಯೇ ವಿಷಯ. ಮರಣಾನಂತರದ ಅಂಗದಾನ ಪುಣ್ಯಕಾರ್ಯವಾಗಬಲ್ಲದೆಂದೂ, ವೈಜ್ಞಾನಿಕ ಸಂಶೋಧನೆಗಾಗಿ ಶವಪರೀಕ್ಷೆ ಸಲ್ಲಬಹುದೆಂದೂ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೇ ಹೇಳುತ್ತದೆ. ಹಾಗಿರುವಾಗ, ಪುನರುತ್ಥಾನದ ದಿನ ದೇಹವು ಊನವಾದೀತೆಂಬ ಭಯಕ್ಕೆ ಆಸ್ಪದವೆಲ್ಲಿ?

ದಾನವೆಂದ ಮೇಲೆ ಒಪ್ಪಿಗೆ ಇರಲೇಬೇಕು. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಕೋಶಗಳನ್ನು ಆಕೆಯನ್ನು ಕೇಳದೆಯೇ ತೆಗೆದು ಬೆಳೆಸಿದ್ದು ವೈದ್ಯಲೋಕಕ್ಕೆ ಅಂಟಿದ ಕಳಂಕ. ಬಡರೋಗಿಯ ದೇಹವೂ ದೇವರ ಆಲಯವೇ. ಆದ್ದರಿಂದ ನಮ್ಮ ಧರ್ಮಸಭೆಯ ಆಸ್ಪತ್ರೆಗಳು ರೋಗಿಗೆ ಅವನ ಭಾಷೆಯಲ್ಲೇ ವಿಷಯ ತಿಳಿಸಿ, ಬೇಡವೆನ್ನುವ ಸ್ವಾತಂತ್ರ್ಯವನ್ನೂ ಕೊಟ್ಟು ಕೇಳಬೇಕು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು.

ಹಾಗೆ ಕೇಳಿದಾಗ ನಾವು ಉದಾರವಾಗಿ ಉತ್ತರಿಸಬೇಕು. ಹೆಚ್ಚು ಬಳಕೆಯಲ್ಲಿರುವ ಪ್ರಾಸ್ಟೇಟ್ ಕೋಶ ಸಂತತಿಗಳು ಪಾಶ್ಚಾತ್ಯ ರೋಗಿಗಳಿಂದ ಬಂದವು. ನಮ್ಮ ಜನರ ರೋಗವನ್ನು ಚೆನ್ನಾಗಿ ಅರಿಯಲು ನಮ್ಮವರ ಕೋಶಗಳೂ ಬೇಕು. ಆದರೆ ನಮ್ಮ ಗಂಡಸರು ಮೂತ್ರದ ತೊಂದರೆಯನ್ನು ಹೆಂಡತಿಗೂ ಹೇಳದೆ ಮುಚ್ಚಿಡುತ್ತಾರೆ. ನಾಚಿಕೆಯಿಂದ ಅಡಗಿಸಿದ ರೋಗಕ್ಕೆ ಸಕಾಲದ ಚಿಕಿತ್ಸೆಯೂ ಇಲ್ಲ, ಅದರಿಂದ ಪರರಿಗೆ ಉಪಕಾರವೂ ಇಲ್ಲ.

ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ ಹೊಯ್ದ ಸಮಾರಿಯದವನ ಹೆಸರನ್ನು ಶುಭಸಂದೇಶವು ನಮಗೆ ತಿಳಿಸಿಲ್ಲ. ಬಫಲೋದ ಆ ರೋಗಿಯ ಹೆಸರೂ ನಮಗೆ ತಿಳಿಯದು. ಈ ತಿಂಗಳು ಅವರಿಗಾಗಿಯೂ ಒಂದು ಬತ್ತಿ ಉರಿಯಲಿ.